ಭದ್ರತಾ ನಿಯಮವೇ ಬಾಗಿಲು ಹಾಕಿದಾಗ: ಲಿನಕ್ಸ್ ಸರ್ವರ್‌ನೊಳಗೆ ಮತ್ತೆ ಪ್ರವೇಶ ಪಡೆಯುವ ಕ್ರಮ

ಸರ್ವರ್‌ನ ಭದ್ರತೆಯನ್ನು ಬಿಗಿಗೊಳಿಸಲು ಹೊರಟು, ಕೊನೆಯ ಆದೇಶ ಕೊಟ್ಟ ಮರುಕ್ಷಣದಲ್ಲಿ ತಾವೇ ಹೊರಗುಳಿದ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: ಫೈರ್‌ವಾಲ್ (ಜಾಲದ ಸಂಪರ್ಕಗಳನ್ನು ಬಿಡುವ ಅಥವಾ ತಡೆಯುವ ಕಾವಲು) ಅಥವಾ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ನಿಯಮ ಬದಲಿಸಿದ ಮೇಲೆ ಒಳಗೆ ಹೋಗಲು ಆಗುತ್ತಿಲ್ಲ, ಸರ್ವರ್ ಅನ್ನು ಅಳಿಸಿ ಹೊಸದಾಗಿ ಕಟ್ಟುವುದೊಂದೇ ದಾರಿಯೇ? ಬಹುಪಾಲು ಸಂದರ್ಭಗಳಲ್ಲಿ ಹಾಗೆ ಮಾಡಬೇಕಾಗಿಲ್ಲ. ಸರ್ವರ್ ನಡೆಯುತ್ತಲೇ ಇರುತ್ತದೆ, ಅದರೊಳಗಿನ ಮಾಹಿತಿಯೂ ಸುರಕ್ಷಿತವಾಗಿರುತ್ತದೆ. ಮುಚ್ಚಿರುವುದು ಒಂದು ಬಾಗಿಲು ಮಾತ್ರ. ನಿಜವಾದ ಹಾನಿಯಾಗುವುದು ಯಾವ ಬಾಗಿಲು ಮುಚ್ಚಿದೆ ಎಂದು ತಿಳಿಯುವ ಮೊದಲೇ ಗಾಬರಿಯಲ್ಲಿ ನಾಲ್ಕಾರು ಕಡೆ ಕೈ ಹಾಕಿದಾಗ. ಆದ್ದರಿಂದ ಈ ಲೇಖನದಲ್ಲಿ ಪತ್ತೆಯ ಭಾಗಕ್ಕೆ ದುರಸ್ತಿಯಷ್ಟೇ ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳಿರುವುದೆಲ್ಲ ಲಿನಕ್ಸ್ ಸರ್ವರ್‌ಗಳಿಗೆ, ಅದೂ ನಿಮ್ಮದೇ ಆದ ಅಥವಾ ನಿರ್ವಹಣೆಯ ಅಧಿಕಾರ ನಿಮಗಿರುವ ಸರ್ವರ್‌ಗಳಿಗೆ ಅನ್ವಯಿಸುತ್ತದೆ. ಆದೇಶ ಮತ್ತು ಕಡತಗಳ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಮೂಲ ಕಾಗುಣಿತದಲ್ಲೇ ಟೈಪ್ ಮಾಡಬೇಕು.

ಕೆಲಸ ಆರಂಭಿಸುವ ಮೊದಲು ನಾಲ್ಕು ಸಂಗತಿಗಳನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಮೊದಲನೆಯದು, ಕ್ಲೌಡ್ ಸೇವೆಯಾದರೆ ಅದರ ನಿಯಂತ್ರಣ ಫಲಕದ ಲಾಗಿನ್, ಸ್ವಂತ ಯಂತ್ರವಾದರೆ ಅದರ ಮುಂದೆ ಕುಳಿತು ಕೆಲಸ ಮಾಡುವ ಅವಕಾಶ. ಎರಡನೆಯದು, ರೂಟ್, ಅಂದರೆ ಸರ್ವರ್‌ನ ಪೂರ್ಣಾಧಿಕಾರದ ಖಾತೆ, ಅಥವಾ ಆ ಅಧಿಕಾರದಲ್ಲಿ ಆದೇಶ ನಡೆಸಲು ಬಿಡುವ ಸುಡೋ ಅಧಿಕಾರವುಳ್ಳ ಬಳಕೆದಾರರ ಪಾಸ್‌ವರ್ಡ್. ಮೂರನೆಯದು, ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಅದನ್ನು ತೆರೆಯುವ ಪಾಸ್‌ಫ್ರೇಸ್. ನಾಲ್ಕನೆಯದು, ಕೊನೆಯದಾಗಿ ಏನು ಬದಲಿಸಿದಿರಿ ಎಂಬ ಟಿಪ್ಪಣಿ. ಇದನ್ನು ನೆನಪಿರುವಾಗಲೇ, ಆದೇಶಗಳ ಅನುಕ್ರಮ ಸಮೇತ, ಕಾಗದದ ಮೇಲೆ ಬರೆದಿಡಿ. ಅರ್ಧ ಗಂಟೆಯ ಒದ್ದಾಟದ ನಂತರ ಯಾವುದು ಮೊದಲಿನ ಬದಲಾವಣೆ, ಯಾವುದು ಅದನ್ನು ಸರಿಪಡಿಸಲು ಮಾಡಿದ್ದು ಎಂಬುದೇ ಕಲಸಿಹೋಗುತ್ತದೆ.

1. ತೆರೆದಿರುವ ಸೆಷನ್ ಮುಚ್ಚಬೇಡಿ, ಸರ್ವರ್ ಅನ್ನು ಮರುಪ್ರಾರಂಭಿಸಬೇಡಿ

ಎಸ್‌ಎಸ್‌ಎಚ್ ಸೇವೆಯು ಪ್ರತಿಯೊಂದು ಸಂಪರ್ಕವನ್ನೂ ಪ್ರತ್ಯೇಕ ಪ್ರಕ್ರಿಯೆಗೆ ವಹಿಸುವುದರಿಂದ, ಮುಖ್ಯ ಸೇವೆ ಮರುಪ್ರಾರಂಭವಾದರೂ ಈಗಾಗಲೇ ಒಳಗಿರುವವರ ಸೆಷನ್ ಸಾಮಾನ್ಯವಾಗಿ ಕಡಿದುಹೋಗುವುದಿಲ್ಲ. ಅನೇಕ ಫೈರ್‌ವಾಲ್‌ಗಳೂ ಹೊಸ ಸಂಪರ್ಕವನ್ನು ತಡೆದು ಹಳೆಯದನ್ನು ಮುಂದುವರಿಯಲು ಬಿಡುತ್ತವೆ. ಹೀಗಾಗಿ ಬೇರೆ ಕಿಟಕಿಯಲ್ಲಿ, ಬೇರೆ ಗಣಕದಲ್ಲಿ ಅಥವಾ ಸಹೋದ್ಯೋಗಿಯ ಬಳಿ ಒಂದು ಸೆಷನ್ ತೆರೆದಿದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ನಿಮ್ಮ ಕೆಲಸ ಐದು ನಿಮಿಷದ್ದು. ಅಲ್ಲಿಂದಲೇ ನೇರವಾಗಿ 4ನೆಯ ಹಂತಕ್ಕೆ ಹೋಗಬಹುದು.

ಮರುಪ್ರಾರಂಭದ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಐಪಿಟೇಬಲ್ಸ್ ಮತ್ತು ಫೈರ್‌ವಾಲ್‌ಡಿ ಲಿನಕ್ಸ್‌ನ ಫೈರ್‌ವಾಲ್ ಸಾಧನಗಳು. ಐಪಿಟೇಬಲ್ಸ್‌ಗೆ ಕೈಯಾರೆ ಸೇರಿಸಿ ಉಳಿಸದೇ ಬಿಟ್ಟ ನಿಯಮಗಳು ಮತ್ತು ಫೈರ್‌ವಾಲ್‌ಡಿಯಲ್ಲಿ ಪರ್ಮನೆಂಟ್ ಎಂದು ಸೂಚಿಸದೆ ಕೊಟ್ಟ ನಿಯಮಗಳು ಸ್ಮೃತಿಯಲ್ಲಿ ಮಾತ್ರ ಇರುವುದರಿಂದ ಮರುಪ್ರಾರಂಭದೊಂದಿಗೆ ಮಾಯವಾಗುತ್ತವೆ. ತಪ್ಪು ಅಂಥ ನಿಯಮದ್ದೇ ಎಂದು ನಿಮಗೆ ಖಚಿತವಿದ್ದರೆ ನಿಯಂತ್ರಣ ಫಲಕದಿಂದ ಒಮ್ಮೆ ಮರುಪ್ರಾರಂಭಿಸುವುದೇ ಅತ್ಯಂತ ಸುಲಭದ ಪರಿಹಾರ. ಆದರೆ ತಪ್ಪು ಎಸ್‌ಎಸ್‌ಎಚ್‌ನ ಸಂರಚನಾ ಕಡತದಲ್ಲಿದ್ದು, ಸೇವೆ ಇನ್ನೂ ಹಳೆಯ ಸಂರಚನೆಯಲ್ಲೇ ನಡೆಯುತ್ತಿದ್ದರೆ, ಮರುಪ್ರಾರಂಭವಾದ ಮೇಲೆ ಆ ಸೇವೆ ಏಳದೇ ಹೋಗಬಹುದು. ಖಚಿತವಿಲ್ಲದಿದ್ದರೆ ಮುಟ್ಟಬೇಡಿ.

2. ಸರ್ವರ್ ನಿಮ್ಮನ್ನು ಯಾವ ಮಾತಿನಲ್ಲಿ ತಡೆಯುತ್ತಿದೆ ಎಂದು ಓದಿ

ಇದು ಇಡೀ ಕೆಲಸದ ಮುಖ್ಯ ಹಂತ. ಎಸ್‌ಎಸ್‌ಎಚ್ ಆದೇಶಕ್ಕೆ ವಿ ಎಂಬ ಆಯ್ಕೆಯನ್ನು ಮೂರು ಸಲ ಸೇರಿಸಿ ಓಡಿಸಿದರೆ ಸಂಪರ್ಕದ ಪ್ರತಿಯೊಂದು ಹೆಜ್ಜೆಯೂ ತೆರೆಯ ಮೇಲೆ ಮೂಡುತ್ತದೆ. ಕೊನೆಯಲ್ಲಿ ಕಾಣುವ ವಾಕ್ಯ ಯಾವುದು ಎಂಬುದರ ಮೇಲೆ ಮುಂದಿನ ದಾರಿ ನಿರ್ಧಾರವಾಗುತ್ತದೆ.

ಬಹಳ ಹೊತ್ತು ಕಾದು "ಕನೆಕ್ಷನ್ ಟೈಮ್ಡ್ ಔಟ್" ಎಂದು ಬಂದರೆ, ನಿಮ್ಮ ಪ್ಯಾಕೆಟ್‌ಗಳನ್ನು, ಅಂದರೆ ಜಾಲದಲ್ಲಿ ಹರಿಯುವ ಮಾಹಿತಿಯ ತುಣುಕುಗಳನ್ನು, ಯಾರೋ ಸದ್ದಿಲ್ಲದೆ ಬೀಳಿಸುತ್ತಿದ್ದಾರೆ ಎಂದರ್ಥ. ಅದು ಬಹುತೇಕ ಫೈರ್‌ವಾಲ್‌ನ ಕೆಲಸ. ಸರ್ವರ್‌ನ ಒಳಗಿನದ್ದೋ ಹೊರಗಿನ ಕ್ಲೌಡ್ ಸೇವೆಯದ್ದೋ ಎಂಬುದನ್ನು ಮಾತ್ರ ಇನ್ನು ತಿಳಿಯಬೇಕು. ಸರ್ವರ್‌ನ ಹೆಸರಿಗೆ ಐಪಿವಿ6 ವಿಳಾಸವೂ ಇದ್ದು, ನೀವು ಐಪಿವಿ4ಕ್ಕೆ ಮಾತ್ರ ಅನುಮತಿ ಕೊಟ್ಟಿದ್ದರೂ ಇದೇ ಲಕ್ಷಣ ಕಾಣಬಹುದು. ಆದೇಶಕ್ಕೆ 4 ಎಂಬ ಆಯ್ಕೆ ಸೇರಿಸಿ ಪರೀಕ್ಷಿಸಿದರೆ ಇದು ಕೂಡಲೇ ಗೊತ್ತಾಗುತ್ತದೆ.

"ಕನೆಕ್ಷನ್ ರೆಫ್ಯೂಸ್ಡ್" ಎಂದು ತಕ್ಷಣ ಬಂದರೆ ನೀವು ಯಂತ್ರವನ್ನು ತಲುಪಿದ್ದೀರಿ, ಆದರೆ ಆ ಪೋರ್ಟ್‌ನಲ್ಲಿ, ಅಂದರೆ ಸೇವೆ ಸಂಪರ್ಕಕ್ಕೆ ಕಾಯುವ ಸಂಖ್ಯೆಯುಳ್ಳ ದ್ವಾರದಲ್ಲಿ, ಉತ್ತರಿಸುವವರಿಲ್ಲ. ಸೇವೆ ನಿಂತಿರಬಹುದು ಅಥವಾ ರೂಢಿಯ 22ರ ಬದಲು ಬೇರೆ ಪೋರ್ಟ್‌ನಲ್ಲಿ ಕೇಳುತ್ತಿರಬಹುದು. ಪದೇ ಪದೇ ತಪ್ಪು ಪ್ರಯತ್ನ ಮಾಡುವ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್ ತಂತ್ರಾಂಶ ನಿಮ್ಮ ವಿಳಾಸವನ್ನೇ ನಿಷೇಧಿಸಿದಾಗಲೂ ಹಲವು ಬಾರಿ ಇದೇ ಸಂದೇಶ ಬರುತ್ತದೆ. ಮೊಬೈಲ್ ಜಾಲದಂಥ ಬೇರೊಂದು ಸಂಪರ್ಕದಿಂದ ಪ್ರಯತ್ನಿಸಿ. ಅಲ್ಲಿಂದ ಸರ್ವರ್ ಉತ್ತರಿಸಿದರೆ ನಿಷೇಧಗೊಂಡಿರುವುದು ನಿಮ್ಮ ವಿಳಾಸ ಮಾತ್ರ.

"ನೋ ರೂಟ್ ಟು ಹೋಸ್ಟ್" ಎಂಬುದು ಅನೇಕರನ್ನು ದಾರಿ ತಪ್ಪಿಸುತ್ತದೆ. ಜಾಲದ ಮಾರ್ಗವೇ ಕೆಟ್ಟಿದೆ ಎಂದು ಭಾವಿಸಿ ಗಂಟೆಗಟ್ಟಲೆ ರೂಟರ್ ನೋಡುವವರಿದ್ದಾರೆ. ಆದರೆ ಫೈರ್‌ವಾಲ್‌ಡಿಯ ನಿರಾಕರಣೆಯೂ ಬಳಕೆದಾರರ ಕಡೆ ಇದೇ ಮಾತಾಗಿ ಕಾಣಿಸುತ್ತದೆ. ಸರ್ವರ್ ಪಿಂಗ್‌ಗೆ ಉತ್ತರಿಸುತ್ತಿದ್ದು ಎಸ್‌ಎಸ್‌ಎಚ್‌ಗೆ ಮಾತ್ರ ಹೀಗೆ ಹೇಳುತ್ತಿದ್ದರೆ ಸಂಶಯವನ್ನು ಫೈರ್‌ವಾಲ್‌ನ ಮೇಲೇ ಇಡಿ.

"ಪರ್ಮಿಷನ್ ಡಿನೈಡ್" ಎಂದು ಬಂದರೆ ಫೈರ್‌ವಾಲ್ ನಿರಪರಾಧಿ. ನೀವು ಎಸ್‌ಎಸ್‌ಎಚ್ ಸೇವೆಯನ್ನು ತಲುಪಿದ್ದೀರಿ, ಅದು ನಿಮ್ಮನ್ನು ಒಪ್ಪುತ್ತಿಲ್ಲ ಅಷ್ಟೆ. ಸಂದೇಶದ ಕೊನೆಯ ಆವರಣದಲ್ಲಿ ಸರ್ವರ್ ಈಗಲೂ ಸ್ವೀಕರಿಸುವ ವಿಧಾನಗಳ ಪಟ್ಟಿ ಇರುತ್ತದೆ. ಅಲ್ಲಿ ಪಬ್ಲಿಕ್‌ಕೀ, ಅಂದರೆ ಪಾಸ್‌ವರ್ಡ್ ಬದಲು ಕೀಲಿ ಕಡತದಿಂದ ಗುರುತಿಸುವ ವಿಧಾನ, ಒಂದೇ ಇದ್ದರೆ ಪಾಸ್‌ವರ್ಡ್ ಲಾಗಿನ್ ಮುಚ್ಚಿಹೋಗಿದೆ, ಎಷ್ಟು ಸಲ ಪಾಸ್‌ವರ್ಡ್ ನೆನಪಿಸಿಕೊಂಡರೂ ಪ್ರಯೋಜನವಿಲ್ಲ. ಇನ್ನು, ಗುರುತು ದೃಢಪಟ್ಟ ಮೇಲೆ ಸಂಪರ್ಕ ಕಡಿದುಹೋದರೆ ಖಾತೆಯ ಅವಧಿ, ಬೀಗ, ಶೆಲ್ (ಆದೇಶಗಳನ್ನು ಸ್ವೀಕರಿಸುವ ತಂತ್ರಾಂಶ) ಇವುಗಳಲ್ಲಿ ಯಾವುದೋ ಒಂದು ಕಾರಣ. ಅದಕ್ಕೆ 6ನೆಯ ಹಂತ ನೋಡಿ.

3. ಒಳಗೆ ಹೋಗಲು ಇನ್ನೊಂದು ದಾರಿ ಹುಡುಕಿ

ಎಸ್‌ಎಸ್‌ಎಚ್ ಅನ್ನು ಅವಲಂಬಿಸದ ದಾರಿ ಸಾಮಾನ್ಯವಾಗಿ ಒಂದಾದರೂ ಇರುತ್ತದೆ. ಸ್ವಂತ ಯಂತ್ರವಾದರೆ ಕೀಲಿಮಣೆ ಮತ್ತು ತೆರೆ. ಕ್ಲೌಡ್ ಆದರೆ ಸೀರಿಯಲ್ ಕನ್ಸೋಲ್, ಅಂದರೆ ಜಾಲದ ನಿಯಮಗಳನ್ನು ಹಾಯದೆ ಬ್ರೌಸರ್‌ನಲ್ಲೇ ಯಂತ್ರದ ಪಠ್ಯ ತೆರೆಯನ್ನು ತೋರಿಸುವ ಸೌಲಭ್ಯ. ಅಮೆಜಾನ್‌ನ ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್ ಮೂರರಲ್ಲೂ ಇದು ಇದೆ. ಆದರೆ ಇಲ್ಲೊಂದು ತೊಡಕು ಇದೆ: ಕ್ಲೌಡ್ ಯಂತ್ರಗಳು ಸಾಮಾನ್ಯವಾಗಿ ಕೀಲಿಯಿಂದ ಮಾತ್ರ ತೆರೆಯುವಂತೆ ಸಿದ್ಧವಾಗಿ ಬರುವುದರಿಂದ ಯಾವ ಬಳಕೆದಾರರಿಗೂ ಪಾಸ್‌ವರ್ಡ್ ಇರುವುದಿಲ್ಲ, ಹೀಗಾಗಿ ಕನ್ಸೋಲ್ ತೆರೆದರೂ ಲಾಗಿನ್ ಸಾಲಿನಲ್ಲೇ ನಿಂತುಬಿಡುತ್ತೀರಿ. ಒಬ್ಬ ಬಳಕೆದಾರರಿಗಾದರೂ ಬಲವಾದ ಪಾಸ್‌ವರ್ಡ್ ಕೊಟ್ಟು, ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಮುಚ್ಚಿಯೇ ಇಡುವುದು ಈ ಕಾರಣಕ್ಕೆ ಒಳ್ಳೆಯ ಅಭ್ಯಾಸ.

ಯಂತ್ರದೊಳಗೆ ಸೇವಾದಾರರ ಏಜೆಂಟ್, ಅಂದರೆ ಹೊರಗಿನ ಆದೇಶಗಳನ್ನು ಒಳಗೆ ನಡೆಸುವ ಸಹಾಯಕ ತಂತ್ರಾಂಶ, ಮೊದಲೇ ನಡೆಯುತ್ತಿದ್ದರೆ ಕೆಲಸ ಇನ್ನೂ ಸುಲಭ. ಎಡಬ್ಲ್ಯೂಎಸ್‌ನ ಸೆಷನ್ ಮ್ಯಾನೇಜರ್ ಸರ್ವರ್‌ನಿಂದ ಹೊರಗೆ ಹೋಗುವ 443ರ ಸಂಪರ್ಕವನ್ನೇ ಬಳಸುವುದರಿಂದ ಒಳಬರುವ ಪೋರ್ಟ್‌ಗಳು ಪೂರ್ತಿ ಮುಚ್ಚಿದ್ದರೂ ಶೆಲ್ ಕೊಡುತ್ತದೆ. ಅಜೂರ್‌ನ ರನ್ ಕಮಾಂಡ್ ಕೂಡ ಏಜೆಂಟ್ ಮೂಲಕ ಒಳಗೆ ಆದೇಶ ನಡೆಸುತ್ತದೆ.

ಪಾಸ್‌ವರ್ಡ್ ಇಲ್ಲ, ಏಜೆಂಟ್ ಕೂಡ ಇಲ್ಲ, ಆದರೆ ಕನ್ಸೋಲ್ ಇದೆ ಎಂದಾದರೆ ಯಂತ್ರ ಏಳುವಾಗಲೇ ಅದನ್ನು ಹಿಡಿಯಬೇಕು. ಗ್ರಬ್ ಎಂಬುದು ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. ಅದರ ಪಟ್ಟಿ ಕಾಣುವಾಗ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ಹೋಗಿ. ರೆಡ್ ಹ್ಯಾಟ್ ಕುಟುಂಬದ ವ್ಯವಸ್ಥೆಗಳಲ್ಲಿ ಆರ್‌ಡಿ ಡಾಟ್ ಬ್ರೇಕ್ ಎಂದು ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ, ನಿಜವಾದ ವ್ಯವಸ್ಥೆ ಏಳುವ ಮುನ್ನ ಒಂದು ಶೆಲ್ ಸಿಗುತ್ತದೆ. ಅಲ್ಲಿ ನಿಮ್ಮ ಡಿಸ್ಕ್ ಸಿಸ್‌ರೂಟ್ ಎಂಬ ಕಡತಕೋಶದಲ್ಲಿ ಓದಲು ಮಾತ್ರ ಸಾಧ್ಯವಾಗುವಂತೆ ಜೋಡಣೆಯಾಗಿರುತ್ತದೆ. ಅದನ್ನು ಬರೆಯಬಲ್ಲ ಸ್ಥಿತಿಗೆ ಮರುಜೋಡಿಸಿ, ಸಿಎಚ್‌ರೂಟ್ ಆದೇಶದಿಂದ ಅದರೊಳಗೆ ಹೋಗಿ, ಸಂರಚನೆ ಅಥವಾ ಪಾಸ್‌ವರ್ಡ್ ಬದಲಿಸಿ, ಹೊರಬರುವ ಮುನ್ನ ಮೂಲ ಕಡತಕೋಶದಲ್ಲಿ ಡಾಟ್ ಆಟೋರೀಲೇಬಲ್ ಎಂಬ ಖಾಲಿ ಕಡತವನ್ನು ಸೃಷ್ಟಿಸಿ. ಈ ಕೊನೆಯ ಸಣ್ಣ ಕೆಲಸವನ್ನು ಮರೆತರೆ ಹೊಸ ಪಾಸ್‌ವರ್ಡ್ ಸರಿಯಿದ್ದರೂ ಎಸ್‌ಇಲಿನಕ್ಸ್ (7ನೆಯ ಹಂತದಲ್ಲಿ ವಿವರಿಸಿರುವ ಭದ್ರತಾ ವ್ಯವಸ್ಥೆ) ಲಾಗಿನ್ ಅನ್ನು ತಡೆಯಬಹುದು.

ಡೆಬಿಯನ್ ಮತ್ತು ಉಬುಂಟುವಿನಲ್ಲಿ ಅದೇ ಸಾಲಿನ ಆರ್‌ಒ ಎಂಬುದನ್ನು ಆರ್‌ಡಬ್ಲ್ಯೂ ಎಂದು ತಿದ್ದಿ, ಕೊನೆಗೆ ಇನಿಟ್‌ನ ಬೆಲೆಯಾಗಿ ಬ್ಯಾಶ್‌ನ ಪೂರ್ಣ ಮಾರ್ಗವನ್ನು ಕೊಡಿ. ರೂಟ್ ಖಾತೆಗೆ ಬೀಗ ಹಾಕಿರುವ ಡೆಬಿಯನ್‌ನಲ್ಲಿ ದುರಸ್ತಿಗೆಂದೇ ಇರುವ ರೆಸ್ಕ್ಯೂ ಗುರಿ ಬಳಸಲು ಹೋದರೆ ಅದು ರೂಟ್ ಖಾತೆಯ ಬೀಗವನ್ನೇ ಮುಂದೊಡ್ಡಿ ನಿಂತುಬಿಡುತ್ತದೆ. ಬ್ಯಾಶ್‌ನ ದಾರಿಯಲ್ಲಿ ಆ ತೊಡಕಿಲ್ಲ. ಆದರೆ ಹೀಗೆ ಬಂದ ಶೆಲ್‌ನ ಹಿಂದೆ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ಇರುವುದಿಲ್ಲವಾದ್ದರಿಂದ ಮಾಮೂಲಿ ರೀಬೂಟ್ ನಡೆಯದು. ಮೊದಲು ಸಿಂಕ್ ಆದೇಶ ಕೊಟ್ಟು ಬರೆದದ್ದನ್ನು ಡಿಸ್ಕ್‌ಗೆ ಇಳಿಸಿ, ಆಮೇಲೆ ರೀಬೂಟ್ ಅನ್ನು ಎಫ್ ಆಯ್ಕೆಯೊಂದಿಗೆ ಓಡಿಸಿ.

ಕನ್ಸೋಲ್ ಕೂಡ ಇಲ್ಲದಿದ್ದರೆ ಉಳಿಯುವುದು ಡಿಸ್ಕ್ ಅನ್ನು ಬೇರೆ ಯಂತ್ರಕ್ಕೆ ಜೋಡಿಸುವ ವಿಧಾನ. ಸರ್ವರ್ ನಿಲ್ಲಿಸಿ, ಡಿಸ್ಕ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆದು, ಡಿಸ್ಕ್ ಅನ್ನು ಬಿಡಿಸಿ, ಅದೇ ವಲಯದ ಸಹಾಯಕ ಯಂತ್ರವೊಂದಕ್ಕೆ ಎರಡನೆಯ ಡಿಸ್ಕ್ ಆಗಿ ಸೇರಿಸಿ, ತಪ್ಪನ್ನು ತಿದ್ದಿ, ಮೊದಲಿದ್ದ ಹೆಸರಿನಲ್ಲೇ ಮರಳಿ ಜೋಡಿಸಬೇಕು. ಇಲ್ಲಿ ಎಡವುವ ಜಾಗಗಳು ಹಲವು. ಎಡಬ್ಲ್ಯೂಎಸ್‌ನಲ್ಲಿ ಯಂತ್ರ ನಿಲ್ಲಿಸಿದರೆ ಇನ್‌ಸ್ಟೆನ್ಸ್ ಸ್ಟೋರ್ ಎಂಬ ತಾತ್ಕಾಲಿಕ ಡಿಸ್ಕ್‌ನಲ್ಲಿರುವುದೆಲ್ಲ ಅಳಿಯುತ್ತದೆ ಮತ್ತು ಎಲಾಸ್ಟಿಕ್ ಐಪಿ ಎಂಬ ಸ್ಥಿರ ವಿಳಾಸ ಇಲ್ಲದಿದ್ದರೆ ಸಾರ್ವಜನಿಕ ವಿಳಾಸವೂ ಬದಲಾಗುತ್ತದೆ. ಸಹಾಯಕ ಯಂತ್ರವನ್ನೂ ಅದೇ ಮೂಲಪ್ರತಿಯಿಂದ ಕಟ್ಟಿದ್ದರೆ ಎರಡೂ ಡಿಸ್ಕ್‌ಗಳ ಗುರುತು ಒಂದೇ ಆಗಿರಬಹುದು. ಆದ್ದರಿಂದ ಅದು ಪೂರ್ತಿ ಎದ್ದ ಮೇಲೆಯೇ ಎರಡನೆಯದನ್ನು ಸೇರಿಸಿ, ಅದರ ಕಡತ ವ್ಯವಸ್ಥೆ ಎಕ್ಸ್‌ಎಫ್‌ಎಸ್ ಆದರೆ ನೋಯುಯುಐಡಿ ಆಯ್ಕೆಯೊಂದಿಗೆ ಜೋಡಿಸಿ. ಕಡತಗಳ ಒಡೆತನ ಬದಲಿಸುವಾಗ ಹೆಸರಿನ ಬದಲು ಬಳಕೆದಾರರ ಸಂಖ್ಯೆಯನ್ನೇ ಬಳಸಿ, ಏಕೆಂದರೆ ಒಂದೇ ಹೆಸರಿಗೆ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಸಂಖ್ಯೆ ಇರಬಹುದು.

4. ಫೈರ್‌ವಾಲ್: ಹೊರಗಿನದನ್ನು ಮೊದಲು, ಒಳಗಿನದನ್ನು ಆಮೇಲೆ ನೋಡಿ

ಹೊರಗಿನ ಪದರವನ್ನು ಬ್ರೌಸರ್‌ನಿಂದಲೇ ತಿದ್ದಬಹುದಾದ್ದರಿಂದ ಅಲ್ಲಿಂದ ಆರಂಭಿಸಿ. ಎಡಬ್ಲ್ಯೂಎಸ್‌ನ ಸೆಕ್ಯೂರಿಟಿ ಗ್ರೂಪ್ ಎಂಬ ಹೊರಗಿನ ಫೈರ್‌ವಾಲ್ ಸಂಪರ್ಕದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ. ಒಳಬರುವುದಕ್ಕೆ ಅನುಮತಿ ಕೊಟ್ಟರೆ ಉತ್ತರ ತಾನಾಗಿಯೇ ಹೊರಹೋಗುತ್ತದೆ. ಇಡೀ ಉಪಜಾಲಕ್ಕೆ ಅನ್ವಯಿಸುವ ನೆಟ್‌ವರ್ಕ್ ಎಸಿಎಲ್ ಎಂಬ ನಿಯಮಪಟ್ಟಿಗೆ ಆ ನೆನಪಿಲ್ಲ. ಅಲ್ಲಿ 22ನೆಯ ಪೋರ್ಟ್ ತೆರೆದು, ಉತ್ತರ ಹೊರಹೋಗುವ 1024ರಿಂದ 65535ರವರೆಗಿನ ಪೋರ್ಟ್‌ಗಳನ್ನು ಮುಚ್ಚಿಟ್ಟರೆ ಸಂಪರ್ಕ ಕೂಡುವುದೇ ಇಲ್ಲ.

ಒಳಗಿನ ಪದರದಲ್ಲಿ ಅತಿ ಹೆಚ್ಚು ಜನರನ್ನು ಹೊರದಬ್ಬುವ ತಪ್ಪು ಒಂದೇ: ಐಪಿಟೇಬಲ್ಸ್‌ನ ಇನ್‌ಪುಟ್ ಸರಪಳಿಯ, ಅಂದರೆ ಒಳಬರುವ ಸಂಪರ್ಕಗಳ ನಿಯಮಪಟ್ಟಿಯ, ಮೂಲ ನೀತಿ ಡ್ರಾಪ್ ಎಂದಿರುವಾಗ ಫ್ಲಶ್ ಮಾಡುವುದು. ಫ್ಲಶ್ ಎಂದರೆ ಎಲ್ಲ ಅಡೆತಡೆ ತೆಗೆಯುವುದು ಎಂದು ತಿಳಿಯುತ್ತಾರೆ. ನಿಜಕ್ಕೂ ಅದು ಅನುಮತಿ ನಿಯಮಗಳನ್ನು ಅಳಿಸಿ, ಎಲ್ಲವನ್ನೂ ತಡೆಯುವ ನೀತಿಯನ್ನು ಹಾಗೆಯೇ ಉಳಿಸುತ್ತದೆ. ಕನ್ಸೋಲ್‌ನಿಂದ ಮೊದಲು ನೀತಿಯನ್ನು ಅಕ್ಸೆಪ್ಟ್‌ಗೆ ಬದಲಿಸಿ, ನಂತರವೇ ಫ್ಲಶ್ ಮಾಡಿ. ಐಪಿಟೇಬಲ್ಸ್‌ನ ನಂತರ ಬಂದ ಎನ್‌ಎಫ್‌ಟೇಬಲ್ಸ್‌ನಲ್ಲಿ ನೇರವಾಗಿ ಬರೆದ ನಿಯಮಗಳು ಐಪಿಟೇಬಲ್ಸ್‌ನ ಪಟ್ಟಿಯಲ್ಲಿ ಕಾಣಿಸುವುದಿಲ್ಲ ಎಂಬುದನ್ನೂ ನೆನಪಿಡಿ. ಎನ್‌ಎಫ್‌ಟಿಯ ಲಿಸ್ಟ್ ರೂಲ್‌ಸೆಟ್ ಆದೇಶ ಪೂರ್ಣ ಚಿತ್ರ ಕೊಡುತ್ತದೆ.

ಯುಎಫ್‌ಡಬ್ಲ್ಯೂ ಎಂಬ ಸರಳ ಫೈರ್‌ವಾಲ್ ಸಾಧನ ಬಳಸುವವರು ಅದನ್ನು ಡಿಸೇಬಲ್ ಮಾಡಿ, ಎಸ್‌ಎಸ್‌ಎಚ್‌ಗೆ ಅನುಮತಿ ಸೇರಿಸಿ, ಮತ್ತೆ ಎನೇಬಲ್ ಮಾಡಿದರೆ ಸಾಕು. ಡಿಸ್ಕ್ ಮಾತ್ರ ಕೈಯಲ್ಲಿದ್ದರೆ ಅದರ ಯುಎಫ್‌ಡಬ್ಲ್ಯೂ ಡಾಟ್ ಕಾನ್ಫ್ ಕಡತದಲ್ಲಿ ಎನೇಬಲ್ಡ್ ಎಂಬುದರ ಮುಂದೆ ನೋ ಎಂದು ಬರೆಯಿರಿ. ಫೈರ್‌ವಾಲ್‌ಡಿಯಲ್ಲಿ ಜಾಲದ ಸಂಪರ್ಕಬಿಂದು ತಪ್ಪಾಗಿ ಡ್ರಾಪ್ ಎಂಬ ವಲಯಕ್ಕೆ ಸೇರಿದೆಯೇ ಎಂದು ಪರಿಶೀಲಿಸಿ. ಫೇಲ್‌ಟುಬ್ಯಾನ್ ನಿಷೇಧವು ಮೂಲ ಸಂರಚನೆಯಲ್ಲಿ 10 ನಿಮಿಷಕ್ಕೆ ತಾನೇ ತೆರವಾಗುತ್ತದೆ. ಕಾಯಲಾಗದಿದ್ದರೆ ಅದರ ಅನ್‌ಬ್ಯಾನ್‌ಐಪಿ ಆದೇಶವಿದೆ.

ಒಳಗಿನ ಫೈರ್‌ವಾಲ್ ಅನ್ನು ತಾತ್ಕಾಲಿಕವಾಗಿ ಇಳಿಸುವ ಮುನ್ನ, ಹೊರಗಿನ ಪದರದಲ್ಲಿ ನಿಮ್ಮ ಒಂದು ವಿಳಾಸಕ್ಕೆ ಮಾತ್ರ ಪ್ರವೇಶ ಸೀಮಿತಗೊಳಿಸಿ. ಡೇಟಾಬೇಸ್ ಇರುವ ಸರ್ವರ್ ಐದೇ ನಿಮಿಷ ತೆರೆದಿದ್ದರೂ ಅದು ದೊಡ್ಡ ಅಪಾಯ.

5. ಎಸ್‌ಎಸ್‌ಎಚ್ ಸಂರಚನೆ

ಕಡತವನ್ನು ಕಣ್ಣಿನಿಂದ ಓದುವ ಬದಲು ಸೇವೆಯನ್ನೇ ಕೇಳಿ. ಎಸ್‌ಎಸ್‌ಎಚ್‌ಡಿ ಆದೇಶಕ್ಕೆ ಸಣ್ಣ ಟಿ ಆಯ್ಕೆ ಕೊಟ್ಟರೆ ವ್ಯಾಕರಣ ದೋಷವನ್ನು ಸಾಲಿನ ಸಂಖ್ಯೆಯೊಂದಿಗೆ ಹೇಳುತ್ತದೆ. ದೊಡ್ಡ ಟಿ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವ ಪ್ರತಿಯೊಂದು ಬೆಲೆಯನ್ನೂ ಪಟ್ಟಿ ಮಾಡುತ್ತದೆ. ಈ ಎರಡನೆಯದು ಅಮೂಲ್ಯ, ಏಕೆಂದರೆ ಈ ಸೇವೆಯಲ್ಲಿ ಒಂದೇ ಸೂಚನೆ ಎರಡು ಕಡೆ ಇದ್ದರೆ ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ. ಡೆಬಿಯನ್ ಮತ್ತು ಉಬುಂಟುವಿನ ಮುಖ್ಯ ಕಡತವು ತನ್ನ ಆರಂಭದಲ್ಲೇ ಡಾಟ್ ಡಿ ಉಪಕೋಶದ ಸಣ್ಣ ಕಡತಗಳನ್ನು ಒಳಗೊಳ್ಳುವುದರಿಂದ, ನೀವು ಮುಖ್ಯ ಕಡತದ ಕೊನೆಯಲ್ಲಿ ಎಷ್ಟು ತಿದ್ದಿದರೂ ಯಂತ್ರ ಮೊದಲ ಸಲ ಏಳುವಾಗ ಅದನ್ನು ಸಿದ್ಧಗೊಳಿಸುವ ಕ್ಲೌಡ್ ಇನಿಟ್ ಬರೆದಿಟ್ಟ ಸಾಲೇ ಜಾರಿಯಲ್ಲಿ ಉಳಿಯಬಹುದು.

ಅಲೋಯೂಸರ್ಸ್ ಎಂಬ ಸೂಚನೆ ಅನುಮತಿಯಂತೆ ಕಂಡರೂ ವಾಸ್ತವದಲ್ಲಿ ನಿಷೇಧ: ಅಲ್ಲಿ ಒಂದು ಹೆಸರು ಬರೆದ ಕ್ಷಣದಿಂದ ಉಳಿದ ಎಲ್ಲರೂ ಹೊರಗೆ. ಅದರ ಜತೆ ಅಲೋಗ್ರೂಪ್ಸ್ ಕೂಡ ಇದ್ದರೆ ಎರಡನ್ನೂ ಪೂರೈಸಿದವರಿಗಷ್ಟೇ ಪ್ರವೇಶ. ಮ್ಯಾಚ್ ಎಂಬ ಷರತ್ತಿನ ವ್ಯಾಪ್ತಿ ಮುಂದಿನ ಮ್ಯಾಚ್‌ವರೆಗೆ ಅಥವಾ ಕಡತದ ಕೊನೆಯವರೆಗೆ ಹರಡುತ್ತದೆ. ಅದರ ಕೆಳಗೆ ಸೇರಿಸಿದ ಸಾಮಾನ್ಯ ಸೂಚನೆಗಳು ಎಲ್ಲರಿಗೂ ಅನ್ವಯಿಸುವುದಿಲ್ಲ.

ಪೋರ್ಟ್ ಬದಲಿಸಿದವರಿಗೆ ಒಂದು ಮಾತು. ಉಬುಂಟು 22.10ರಿಂದ ಪೋರ್ಟ್‌ನಲ್ಲಿ ಕೇಳುವ ಕೆಲಸವನ್ನು ಎಸ್‌ಎಸ್‌ಎಚ್ ಡಾಟ್ ಸಾಕೆಟ್ ಎಂಬ ಸಿಸ್ಟಮ್‌ಡಿ ಘಟಕ ನಿರ್ವಹಿಸುತ್ತದೆ. ಆದ್ದರಿಂದ ಸಂರಚನಾ ಕಡತದಲ್ಲಿ ಪೋರ್ಟ್ ತಿದ್ದಿ ಸೇವೆಯನ್ನು ಮಾತ್ರ ಮರುಪ್ರಾರಂಭಿಸಿದರೆ ಸಾಲದು, ಆ ಘಟಕವನ್ನೂ ನೋಡಿಕೊಳ್ಳಬೇಕು.

ಕೀಲಿ ಸರಿಯಿದ್ದರೂ ನಿರಾಕರಣೆ ಬಂದರೆ ಕಡತಗಳ ಅನುಮತಿಗಳನ್ನು ನೋಡಿ. ಬಳಕೆದಾರರ ಮನೆಕೋಶಕ್ಕೆ ಗುಂಪಿನವರಾಗಲಿ ಇತರರಾಗಲಿ ಬರೆಯುವಂತಿರಬಾರದು. ಡಾಟ್ ಎಸ್‌ಎಸ್‌ಎಚ್ ಕೋಶ 700, ಆಥರೈಸ್ಡ್ ಕೀಸ್ ಕಡತ 600 ಇರಲಿ (ಎರಡೂ ಒಡೆಯರಿಗೆ ಮಾತ್ರ ಅನುಮತಿ ಕೊಡುವ ಸಂಖ್ಯೆಗಳು), ಒಡೆತನ ಆ ಬಳಕೆದಾರರದ್ದೇ ಆಗಿರಲಿ. ಏನೋ ಕೆಲಸ ಮಾಡುತ್ತಿಲ್ಲವೆಂದು ಎಲ್ಲಕ್ಕೂ 777 ಕೊಡುವವರು ಈ ಕಾರಣಕ್ಕೇ ಹೊರಗುಳಿಯುತ್ತಾರೆ, ಏಕೆಂದರೆ ಯಾರು ಬೇಕಾದರೂ ತಿದ್ದಬಹುದಾದ ಕೀಲಿಪಟ್ಟಿಯನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ.

ಹಳೆಯ ಕೀಲಿಗಳೂ ಕಾರಣವಾಗಬಹುದು. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8 ಆವೃತ್ತಿಯು ಶಾ-1 ಎಂಬ ಹಳೆಯ ವಿಧಾನವನ್ನು ಆಧರಿಸಿದ ಆರ್‌ಎಸ್‌ಎ ಬಗೆಯ ಕೀಲಿಗಳ ಸಹಿಗಳನ್ನು ತನ್ನ ಮೂಲ ಸಂರಚನೆಯಲ್ಲಿ ನಿಲ್ಲಿಸಿತು. ರೆಡ್ ಹ್ಯಾಟ್ ವ್ಯವಸ್ಥೆಯಲ್ಲಿ ಕ್ರಿಪ್ಟೋ ನೀತಿಯನ್ನು, ಅಂದರೆ ಯಾವ ಗೂಢಲಿಪಿ ವಿಧಾನಗಳು ಸಲ್ಲುತ್ತವೆ ಎಂಬ ನಿಯಮವನ್ನು, ಫ್ಯೂಚರ್ ಎಂದು ಮಾಡಿದರೆ 3072 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀಲಿಗಳು ಸಲ್ಲುವುದಿಲ್ಲ. ಕನ್ಸೋಲ್‌ನಿಂದ ನೀತಿಯನ್ನು ಡಿಫಾಲ್ಟ್‌ಗೆ ತಂದು, ಒಳಗೆ ಹೋಗಿ, ಸಾಕಷ್ಟು ಉದ್ದದ ಹೊಸ ಕೀಲಿಯನ್ನು ಸೇರಿಸಿದ ಮೇಲೆ ನೀತಿಯನ್ನು ಮತ್ತೆ ಬಿಗಿಗೊಳಿಸಿ. ನೀತಿಯನ್ನು ಸಡಿಲವಾಗಿಯೇ ಬಿಟ್ಟುಬಿಡುವುದು ಪರಿಹಾರವಲ್ಲ.

6. ಖಾತೆಯ ಬೀಗ ಮತ್ತು ಪ್ಯಾಮ್

ಪ್ಯಾಮ್ ಎಂಬುದು ಲಾಗಿನ್ ಸಮಯದಲ್ಲಿ ಗುರುತು ಪರೀಕ್ಷಿಸುವ ಘಟಕಗಳ ಸರಣಿ. ಅದರ ಫೇಲ್‌ಲಾಕ್ ಘಟಕ ಸಕ್ರಿಯವಾಗಿದ್ದರೆ, ಮೂಲ ಸಂರಚನೆಯಲ್ಲಿ 3 ತಪ್ಪು ಪ್ರಯತ್ನಗಳ ನಂತರ 600 ಸೆಕೆಂಡುಗಳ ಕಾಲ ಖಾತೆಗೆ ಬೀಗ ಬೀಳುತ್ತದೆ. ಅದೇ ಹೆಸರಿನ ಆದೇಶಕ್ಕೆ ಬಳಕೆದಾರರ ಹೆಸರು ಮತ್ತು ರೀಸೆಟ್ ಆಯ್ಕೆ ಕೊಟ್ಟರೆ ಬೀಗ ತೆರೆಯುತ್ತದೆ. ಖಾತೆಯ ಅವಧಿ ಮುಗಿದಿದೆಯೇ ಎಂದು ಚೇಜ್ ಆದೇಶದಿಂದ ನೋಡಿ. ಇಟಿಸಿ ಕೋಶದಲ್ಲಿ ನೋಲಾಗಿನ್ ಎಂಬ ಕಡತ ಉಳಿದಿದ್ದರೆ ರೂಟ್ ಹೊರತು ಯಾರಿಗೂ ಪ್ರವೇಶವಿಲ್ಲ.

ಪ್ಯಾಮ್ ಕಡತಗಳನ್ನೇ ತಪ್ಪಾಗಿ ತಿದ್ದಿದ್ದರೆ ಪರಿಸ್ಥಿತಿ ಕಠಿಣ. ಅಗತ್ಯವೆಂದು ಗುರುತಿಸಿದ ಸಾಲಿನಲ್ಲಿ ಇಲ್ಲದ ಘಟಕದ ಹೆಸರಿದ್ದರೆ ಕನ್ಸೋಲ್ ಲಾಗಿನ್ ಕೂಡ ನಿಲ್ಲಬಹುದು. ಆಗ 3ನೆಯ ಹಂತದ ಗ್ರಬ್ ಅಥವಾ ಡಿಸ್ಕ್ ವಿಧಾನವೇ ಗತಿ. ಸುಡೋ ಅಧಿಕಾರ ಯಾರಿಗೆಂದು ಹೇಳುವ ಸುಡೋಯರ್ಸ್ ಕಡತವನ್ನು, ಉಳಿಸುವ ಮುನ್ನ ದೋಷ ಪರಿಶೀಲಿಸುವ ವಿಸುಡೋ ಆದೇಶ ಇಲ್ಲದೆ ಎಂದೂ ತಿದ್ದಬೇಡಿ.

7. ಎಸ್‌ಇಲಿನಕ್ಸ್

ಪ್ರತಿ ಪ್ರಕ್ರಿಯೆ ಮತ್ತು ಕಡತಕ್ಕೆ ಲೇಬಲ್ ಅಂಟಿಸಿ, ಯಾವುದು ಯಾವುದನ್ನು ಮುಟ್ಟಬಹುದು ಎಂದು ನಿರ್ಧರಿಸುವ ವ್ಯವಸ್ಥೆ ಇದು. ಯಂತ್ರ ಏಳುವುದನ್ನೇ ಇದು ತಡೆಯುತ್ತಿದ್ದರೆ ಗ್ರಬ್ ಸಾಲಿನಲ್ಲಿ ಎನ್‌ಫೋರ್ಸಿಂಗ್‌ನ ಬೆಲೆಯನ್ನು 0 ಮಾಡಿ. ಆಗ ಅದು ತಡೆಯುವುದಿಲ್ಲ, ಆದರೆ ತಡೆಯಬೇಕೆಂದಿದ್ದ ಪ್ರತಿಯೊಂದನ್ನೂ ಲಾಗ್‌ನಲ್ಲಿ ಬರೆದಿಡುತ್ತದೆ. ಎಸ್‌ಇಲಿನಕ್ಸ್‌ನ ಬೆಲೆಯನ್ನೇ 0 ಮಾಡಿ ಪೂರ್ತಿ ಆರಿಸಿದರೆ, ಆ ಅವಧಿಯಲ್ಲಿ ಹುಟ್ಟಿದ ಕಡತಗಳಿಗೆ ಲೇಬಲ್ ಇರದೆ ಮುಂದೆ ಹೊಸ ತೊಂದರೆ ಶುರುವಾಗುತ್ತದೆ. ಸಂರಚನಾ ಕಡತದಲ್ಲಿ ಎಸ್‌ಇಲಿನಕ್ಸ್ ಎಂಬ ಸಾಲಿಗೆ ಬರೆಯಬೇಕಾದ್ದನ್ನು ಎಸ್‌ಇಲಿನಕ್ಸ್‌ಟೈಪ್ ಎಂಬ ಸಾಲಿಗೆ ಬರೆದು ಯಂತ್ರವೇ ಏಳದಂತಾದ ಪ್ರಕರಣಗಳೇ ಇಲ್ಲಿ ಹೆಚ್ಚು. ಎರಡೂ ಸಾಲುಗಳನ್ನು ನಿಧಾನವಾಗಿ ಓದಿ.

ಎಸ್‌ಎಸ್‌ಎಚ್ ಅನ್ನು 2222ರಂಥ ಹೊಸ ಪೋರ್ಟ್‌ಗೆ ಒಯ್ದಿದ್ದರೆ ಸೆಮ್ಯಾನೇಜ್ ಆದೇಶದಿಂದ ಆ ಪೋರ್ಟ್ ಅನ್ನು ಎಸ್‌ಎಸ್‌ಎಚ್‌ನ ಬಗೆಗೆ ಸೇರಿಸಬೇಕು. ಕೀಲಿಗಳ ಕೋಶವನ್ನು ಬೇರೆಡೆಯಿಂದ ಸ್ಥಳಾಂತರಿಸಿದ್ದರೆ ರಿಸ್ಟೋರ್‌ಕಾನ್ ಆದೇಶ ಲೇಬಲ್‌ಗಳನ್ನು ಸರಿಪಡಿಸುತ್ತದೆ.

8. ಪರೀಕ್ಷಿಸಿ, ತೆರೆದಿಟ್ಟದ್ದನ್ನು ಮುಚ್ಚಿ

ಒಳಗೆ ಬಂದ ಸೆಷನ್ ಅನ್ನು ಹಾಗೆಯೇ ಬಿಟ್ಟು, ಎರಡನೆಯ ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ, ಸುಡೋ ಕೂಡ ಓಡಿಸಿ ನೋಡಿ. ಅದು ಯಶಸ್ವಿಯಾದ ಮೇಲೆ, ಸಾಧ್ಯವಾದರೆ ಯೋಜಿತ ಸಮಯದಲ್ಲಿ ಒಮ್ಮೆ ಮರುಪ್ರಾರಂಭಿಸಿ ಮತ್ತೆ ಪರೀಕ್ಷಿಸಿ. ಸ್ಮೃತಿಯಲ್ಲಿ ಮಾತ್ರ ತಿದ್ದಿ ಡಿಸ್ಕ್‌ನಲ್ಲಿ ತಿದ್ದಲು ಮರೆತಿರುವುದು ಆಗಲೇ ಬಯಲಾಗುತ್ತದೆ. ತಾತ್ಕಾಲಿಕವಾಗಿ ಕೊಟ್ಟ ಪಾಸ್‌ವರ್ಡ್, ಹೊರಗಿನ ಪದರದಲ್ಲಿ ತೆರೆದ ನಿಯಮ, ಇಳಿಸಿಟ್ಟ ಫೈರ್‌ವಾಲ್, ಎಸ್‌ಇಲಿನಕ್ಸ್‌ನ ಸಡಿಲ ಸ್ಥಿತಿ ಇವೆಲ್ಲವನ್ನೂ ಟಿಪ್ಪಣಿ ನೋಡಿ ಒಂದೊಂದಾಗಿ ಹಿಂದಕ್ಕೆ ತನ್ನಿ, ಮತ್ತು ರಕ್ಷಣೆ ಇಳಿದಿದ್ದ ಆ ಅವಧಿಯ ಲಾಗಿನ್ ದಾಖಲೆಗಳಲ್ಲಿ ಅಪರಿಚಿತ ವಿಳಾಸವೇನಾದರೂ ಇದೆಯೇ ಎಂದು ಓದಿ.

ಮುಂದಿನ ಸಲ ನಿಯಮ ಬದಲಿಸುವ ಮುನ್ನ ಹಿಂದಿರುಗುವ ಏರ್ಪಾಡು ಮಾಡಿಟ್ಟುಕೊಳ್ಳಿ. ಹಳೆಯ ಸಂರಚನೆಯ ಪ್ರತಿ ಇಟ್ಟು, 10 ನಿಮಿಷಗಳ ನಂತರ ಅದನ್ನೇ ಮರುಸ್ಥಾಪಿಸುವ ಕೆಲಸವನ್ನು ಅಟ್ ಅಥವಾ ಸಿಸ್ಟಮ್‌ಡಿ ರನ್ ಆದೇಶಕ್ಕೆ ವಹಿಸಿ, ಆಮೇಲೆ ಹೊಸ ನಿಯಮ ಹಾಕಿ. ಫೈರ್‌ವಾಲ್‌ಡಿಯ ಟೈಮ್‌ಔಟ್ ಆಯ್ಕೆ ಮತ್ತು ಐಪಿಟೇಬಲ್ಸ್ ಅಪ್ಲೈ ಆದೇಶ ಇದೇ ಕೆಲಸಕ್ಕಿವೆ. ಜಾಲದ ಸಂರಚನೆಗೆ ನೆಟ್‌ಪ್ಲಾನ್ ಟ್ರೈ ಇದೆ, ನೀವು 120 ಸೆಕೆಂಡುಗಳೊಳಗೆ ಒಪ್ಪಿಗೆ ಕೊಡದಿದ್ದರೆ ಅದು ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ. ಎರಡನೆಯ ಕಿಟಕಿಯಿಂದ ಹೊಸ ಲಾಗಿನ್ ಯಶಸ್ವಿಯಾದ ಮೇಲಷ್ಟೇ ಆ ಗಡಿಯಾರವನ್ನು ನಿಲ್ಲಿಸಿ.